ಫಾರ್ಮ್ಯಾಟ್ ಆದ ಮೆಮೊರಿ ಕಾರ್ಡ್: ಕಳೆದ ಛಾಯಾಚಿತ್ರಗಳನ್ನು ಮರಳಿ ಪಡೆಯುವ ಬಗೆ

ಡಿಜಿಟಲ್ ಛಾಯಾಚಿತ್ರವು ಸ್ಟುಡಿಯೋ ಮಾಲೀಕರ ಸರಕು ಮಾತ್ರವಲ್ಲ. ಉಡುಪು ರಫ್ತುದಾರರು, ಚಿನ್ನಾಭರಣ ವರ್ತಕರು, ವಿಮಾ ಸರ್ವೇಕ್ಷಕರು ಹಾಗೂ ಕಟ್ಟಡ ಗುತ್ತಿಗೆದಾರರ ಪಾಲಿಗೆ ಅದು ವ್ಯವಹಾರದ ದಾಖಲೆಯೂ ಆಗಿದೆ. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿ ಕೆಟ್ಟರೆ 36 ಚಿತ್ರಗಳು ನಷ್ಟವಾಗುತ್ತಿದ್ದವು. ಒಂದು ಮೆಮೊರಿ ಕಾರ್ಡಿನಲ್ಲಾದರೋ ವರಪೂಜೆಯಿಂದ ಆರತಕ್ಷತೆಯವರೆಗಿನ ಇಡೀ ಮದುವೆಯೇ ಅಡಗಿರುತ್ತದೆ. ಗಡಿಬಿಡಿಯಲ್ಲಿ ಅದನ್ನು ಫಾರ್ಮ್ಯಾಟ್ ಮಾಡಿಬಿಟ್ಟರೆ ಧಾರೆಯ ಮುಹೂರ್ತವನ್ನು ಮತ್ತೊಮ್ಮೆ ನಡೆಸಲಾಗದು. ಆದರೂ ಧೃತಿಗೆಡಬೇಕಾಗಿಲ್ಲ, ಸಕಾಲದಲ್ಲಿ ಎಚ್ಚರ ವಹಿಸಿದರೆ ಬಹುಪಾಲು ಚಿತ್ರಗಳು ಮರಳಿ ದೊರೆಯುವ ಸಂಭವವಿದೆ.

ಫಾರ್ಮ್ಯಾಟ್ ಮಾಡಿದಾಗ ಆಗುವುದೇನು?

ಮೆಮೊರಿ ಕಾರ್ಡನ್ನು ಒಂದು ಉಗ್ರಾಣಕ್ಕೆ ಹೋಲಿಸಬಹುದು. ಸರಕು ಯಾವ ಕೋಣೆಯಲ್ಲಿದೆ ಎಂಬುದನ್ನು ಉಗ್ರಾಣದ ಖಾತೆ ಪುಸ್ತಕ ತಿಳಿಸುತ್ತದೆ. ಅಂತೆಯೇ ಕಾರ್ಡಿನ ಆರಂಭದಲ್ಲಿರುವ ಕಡತ ಪಟ್ಟಿಯು ಪ್ರತಿಯೊಂದು ಚಿತ್ರದ ಸ್ಥಾನವನ್ನು ದಾಖಲಿಸಿರುತ್ತದೆ. 32 ಗಿಗಾಬೈಟ್‌ವರೆಗಿನ ಎಸ್‌ಡಿ ಕಾರ್ಡುಗಳಲ್ಲಿ ಈ ವ್ಯವಸ್ಥೆಗೆ ಫ್ಯಾಟ್ ಎಂದೂ, ಅದಕ್ಕೂ ದೊಡ್ಡ ಕಾರ್ಡುಗಳಲ್ಲಿ ಎಕ್ಸ್‌ಫ್ಯಾಟ್ ಎಂದೂ ಹೆಸರು. ಸಾಮಾನ್ಯ ಫಾರ್ಮ್ಯಾಟ್ ಕ್ರಿಯೆಯು ಈ ಖಾತೆ ಪುಸ್ತಕವನ್ನಷ್ಟೇ ಹೊಸದಾಗಿ ಬರೆಯುತ್ತದೆ. ಸರಕು ಇದ್ದಲ್ಲಿಯೇ ಉಳಿದಿರುತ್ತದೆ. ಖಾಲಿಯೆಂದು ಭಾವಿಸಿದ ಕೋಣೆಗೆ ಹೊಸ ಸರಕು ತುಂಬಿದಾಗ ಮಾತ್ರ ಹಳೆಯದು ಶಾಶ್ವತವಾಗಿ ನಾಶವಾಗುತ್ತದೆ.

ಇದಕ್ಕೆ ಅಪವಾದಗಳೂ ಉಂಟು. ಕೆಲವು ಕ್ಯಾಮೆರಾಗಳ 'ಲೋ ಲೆವೆಲ್ ಫಾರ್ಮ್ಯಾಟ್' ಆಯ್ಕೆಯು ಮಾಹಿತಿಯನ್ನೇ ಅಳಿಸಬಲ್ಲದು. ವಿಂಡೋಸ್ ವಿಸ್ಟಾದಿಂದೀಚೆಗೆ ಗಣಕಯಂತ್ರದಲ್ಲಿ 'ಕ್ವಿಕ್' ಎಂಬುದನ್ನು ಬಿಟ್ಟು ಪೂರ್ಣ ಫಾರ್ಮ್ಯಾಟ್ ಮಾಡಿದರೆ ಇಡೀ ಕಾರ್ಡಿಗೆ ಸೊನ್ನೆಗಳನ್ನು ತುಂಬಲಾಗುತ್ತದೆ. ಇಂತಹ ಸಂದರ್ಭದಲ್ಲಿ ಯಾವ ತಂತ್ರಾಂಶವೂ ಫಲಕಾರಿಯಾಗದು.

ತತ್‌ಕ್ಷಣದ ಕ್ರಮ

ತಪ್ಪು ಅರಿವಾದ ಕೂಡಲೇ ಕ್ಯಾಮೆರಾವನ್ನು ನಿಲ್ಲಿಸಿ ಕಾರ್ಡನ್ನು ಹೊರತೆಗೆಯಬೇಕು. ಇನ್ನೊಂದೇ ಒಂದು ಚಿತ್ರವನ್ನೂ ಅದರಲ್ಲಿ ತೆಗೆಯಕೂಡದು. ದೊಡ್ಡ ಗಾತ್ರದ ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಚಿಕ್ಕ ಕೀಲನ್ನು 'ಲಾಕ್' ಕಡೆಗೆ ಸರಿಸುವುದು ಲೇಸು. ಕ್ಯಾಮೆರಾವನ್ನು ಕೇಬಲ್ ಮೂಲಕ ಜೋಡಿಸಿದರೆ ಗಣಕಯಂತ್ರಕ್ಕೆ ಕಾರ್ಡಿನ ಒಳಭಾಗ ಸಾಮಾನ್ಯವಾಗಿ ಕಾಣಸಿಗದ ಕಾರಣ ಕಾರ್ಡ್ ರೀಡರನ್ನೇ ಬಳಸತಕ್ಕದ್ದು. 'ಫಾರ್ಮ್ಯಾಟ್ ಮಾಡಬೇಕೇ?' ಎಂದು ಗಣಕಯಂತ್ರ ಕೇಳಿದರೆ ನಿರಾಕರಿಸಬೇಕು.

ಮರುಪಡೆಯುವ ವಿಧಾನ

ಮೊದಲು ಇಡೀ ಕಾರ್ಡಿನ ಯಥಾವತ್ ನಕಲನ್ನು ಹಾರ್ಡ್ ಡಿಸ್ಕಿಗೆ ತೆಗೆದುಕೊಂಡು, ಹುಡುಕಾಟವನ್ನು ಆ ನಕಲಿನ ಮೇಲೆ ನಡೆಸುವುದು ಕ್ಷೇಮಕರ. ಕ್ರಿಸ್ಟೋಫ್ ಗ್ರೆನಿಯೆ ರೂಪಿಸಿರುವ ಫೋಟೋರೆಕ್ ಎಂಬ ಮುಕ್ತ ತಂತ್ರಾಂಶವು ಉಚಿತವಾಗಿ ಲಭ್ಯವಿದೆ. ಇದು ಖಾತೆ ಪುಸ್ತಕವನ್ನು ಅವಲಂಬಿಸದೆ ಒಂದೊಂದೇ ಕೋಣೆಯನ್ನು ತಡಕಿ, ಸರಕಿನ ಗುರುತಿನಿಂದಲೇ ಅದನ್ನು ಪತ್ತೆ ಹಚ್ಚುತ್ತದೆ. ಪ್ರತಿಯೊಂದು ಜೆಪೆಗ್ ಚಿತ್ರವೂ ಎಫ್‌ಎಫ್, ಡಿ8 ಎಂಬ ಎರಡು ಬೈಟ್‌ಗಳಿಂದ ಆರಂಭವಾಗುವುದು ಇಂತಹ ಒಂದು ಗುರುತು. ದೊರೆತ ಚಿತ್ರಗಳನ್ನು ಎಂದಿಗೂ ಅದೇ ಕಾರ್ಡಿಗೆ ಉಳಿಸಬಾರದು.

ಹೀಗೆ ದೊರೆತ ಕಡತಗಳಿಗೆ ಹಳೆಯ ಹೆಸರುಗಳಿರುವುದಿಲ್ಲ. ಆದರೆ ಚಿತ್ರದೊಳಗೇ ಅಡಕವಾಗಿರುವ ದಿನಾಂಕ ಮತ್ತು ವೇಳೆಯ ಆಧಾರದಿಂದ ಅವನ್ನು ಕ್ರಮವಾಗಿ ಜೋಡಿಸಬಹುದು. ಕ್ಯಾಮೆರಾದಲ್ಲಿ ನಡುನಡುವೆ ಚಿತ್ರಗಳನ್ನು ಅಳಿಸಿದ್ದರೆ ಹೊಸ ಚಿತ್ರಗಳು ತುಂಡುತುಂಡಾಗಿ ಬೇರೆ ಬೇರೆ ಕಡೆ ಕುಳಿತಿರುತ್ತವೆ; ಅಂತಹವು ಅರ್ಧಂಬರ್ಧವಾಗಿ ಹೊರಬರುತ್ತವೆ. ಗಾತ್ರದಲ್ಲಿ ದೊಡ್ಡದಾದ ವಿಡಿಯೋಗಳಿಗೆ ಈ ತೊಡಕು ಹೆಚ್ಚು. ಹಣ ನೀಡಿ ತಂತ್ರಾಂಶ ಕೊಳ್ಳುವವರು, ಚಿತ್ರಗಳು ಮುನ್ನೋಟದಲ್ಲಿ ತೆರೆಯುವುದನ್ನು ಕಂಡ ನಂತರವೇ ಹಣ ಪಾವತಿಸುವುದು ಜಾಣತನ. ಕಾರ್ಡೇ ಮುರಿದಿದ್ದರೆ ಪರಿಣತ ಪ್ರಯೋಗಾಲಯವೇ ಗತಿ.

ವ್ಯವಹಾರದ ದೃಷ್ಟಿಯಿಂದ

ಹಣ ಪಡೆದು ಒಪ್ಪಿಕೊಂಡ ಕೆಲಸದಲ್ಲಿ ಚಿತ್ರಗಳು ಕಳೆದುಹೋದರೆ, ಗ್ರಾಹಕರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರು ಸಲ್ಲಿಸಬಹುದು. ಆದುದರಿಂದ ಎರಡು ಪ್ರತ್ಯೇಕ ಡಿಸ್ಕುಗಳಲ್ಲಿ ಪ್ರತಿ ಇಟ್ಟು, ಅವನ್ನು ತೆರೆದು ನೋಡಿದ ಬಳಿಕವೇ ಕಾರ್ಡನ್ನು ಫಾರ್ಮ್ಯಾಟ್ ಮಾಡುವ ನಿಯಮವನ್ನು ಸಂಸ್ಥೆಯಲ್ಲಿ ರೂಢಿಸಬೇಕು. ತುಂಬಿದ ಕಾರ್ಡು, ಖಾಲಿ ಕಾರ್ಡುಗಳಿಗೆ ಬೇರೆ ಬೇರೆ ಡಬ್ಬಿಗಳಿರಲಿ. ಎರಡು ಕಾರ್ಡುಗಳಲ್ಲಿ ಏಕಕಾಲಕ್ಕೆ ದಾಖಲಿಸುವ ಕ್ಯಾಮೆರಾ ಇದ್ದಲ್ಲಿ ಆ ಸೌಲಭ್ಯವನ್ನು ಬಳಸಬೇಕು.

ಇದೇ ತತ್ತ್ವಕ್ಕೆ ಇನ್ನೊಂದು ಮುಖವೂ ಇದೆ. ಫಾರ್ಮ್ಯಾಟ್ ಮಾಡಿ ಮಾರಿದ ಹಳೆಯ ಕಾರ್ಡಿನಿಂದ ಗ್ರಾಹಕರ ಖಾಸಗಿ ಚಿತ್ರಗಳನ್ನೂ, ಇನ್ನೂ ಮಾರುಕಟ್ಟೆಗೆ ಬಾರದ ವಿನ್ಯಾಸಗಳನ್ನೂ ಪರರು ಹೊರತೆಗೆಯಬಲ್ಲರು. ಕಾರ್ಡನ್ನು ಕೈಬಿಡುವ ಮುನ್ನ ಅದನ್ನು ಸಂಪೂರ್ಣವಾಗಿ ಸೊನ್ನೆಗಳಿಂದ ತುಂಬಿಸುವುದು ಅಥವಾ ಮುರಿದುಹಾಕುವುದು ವರ್ತಕರ ಹೊಣೆಯಾಗಿರುತ್ತದೆ.