ಹಸಿ ಪಚಡಿಗೆ ಗಟ್ಟಿ ಮೊಸರು: ಮನೆಯಲ್ಲಿಯೇ ಮಾಡುವ ಬಗೆ



ಜೋಳದ ರೊಟ್ಟಿಯ ಸಂಗಡ ಹಸಿ ಮೆಂತೆ ಪಲ್ಯ, ಹಕ್ಕರಕಿ, ಸೌತೆಕಾಯಿ, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ ತಿನ್ನುವುದು ನಮ್ಮ ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯವರಿಗೆ ಹೊಸದಲ್ಲ. ಇವನ್ನೇ ಹೆಚ್ಚಿ ಕಲಸಿದರೆ ಪಚಡಿ. ಪೇಟೆಯವರು ಇದಕ್ಕೆ ಸಲಾಡ್ ಎಂದು ಹೆಸರಿಟ್ಟು, ಮೇಲೆ ಬೆಣ್ಣೆಯಂತೆ ಕಾಣುವ ಬಿಳಿಯ ಪದಾರ್ಥವೊಂದನ್ನು ಹಾಕಿ ಕೊಡುತ್ತಾರೆ. ಅದರ ಹೆಸರು ಮೇಯನೇಸ್. ಈಗ ಅದು ಪೊಟ್ಟಣಗಳಲ್ಲಿ ಬರುತ್ತಿದೆ, ಮಕ್ಕಳು ಬೇಕೆಂದು ಹಟ ಮಾಡುತ್ತಾರೆ. ದುಡ್ಡು ಕೊಟ್ಟು ತರುವ ಮೊದಲು ಅದರಲ್ಲಿ ಏನಿದೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ಮೊಟ್ಟೆಯ ಹಳದಿ ಭಾಗಕ್ಕೆ ಎಣ್ಣೆಯನ್ನು ಹನಿಹನಿಯಾಗಿ ಸುರಿಯುತ್ತ ಕಡೆದು, ಹುಳಿ ಸೇರಿಸಿದರೆ ಮೇಯನೇಸ್ ಆಗುತ್ತದೆ. 100 ಗ್ರಾಂ ಮೇಯನೇಸಿನಲ್ಲಿ 70ರಿಂದ 80 ಗ್ರಾಂ ಬರೀ ಎಣ್ಣೆಯೇ ಇರುತ್ತದೆ. ಮೊಟ್ಟೆಯನ್ನು ಬೇಯಿಸದೆ ಹಾಗೆಯೇ ಬಳಸುವುದರಿಂದ ಅದರಲ್ಲಿ ರೋಗಾಣುಗಳು ಬದುಕಿ ಉಳಿಯಬಹುದು. ವಾಂತಿ, ಭೇದಿ, ಜ್ವರ ಬರುವುದು ಇವುಗಳಿಂದಲೇ. ಈ ಕಾರಣಕ್ಕಾಗಿ ನಮ್ಮ ನೆರೆಯ ತೆಲಂಗಾಣ ಸರ್ಕಾರವು 2024ರ ಅಕ್ಟೋಬರಿನಲ್ಲಿ ಹಸಿ ಮೊಟ್ಟೆಯ ಮೇಯನೇಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. 2025ರ ಏಪ್ರಿಲಿನಲ್ಲಿ ತಮಿಳುನಾಡು ಸರ್ಕಾರವೂ ಹಾಗೆಯೇ ಮಾಡಿತು. ಮೊಟ್ಟೆಯಿಲ್ಲದ ಪೊಟ್ಟಣಗಳೂ ಉಂಟು. ಅವುಗಳ ಹಿಂಬದಿಯಲ್ಲಿ ಸಾಮಾನುಗಳ ಪಟ್ಟಿ ಇರುತ್ತದೆ. ಯಾವುದು ಹೆಚ್ಚು ಬಿದ್ದಿದೆಯೋ ಅದರ ಹೆಸರು ಮೊದಲು ಬರುತ್ತದೆ. ಓದು ಬಲ್ಲ ಮಗನಿಂದಲೋ ಮಗಳಿಂದಲೋ ಓದಿಸಿ ನೋಡಿರಿ.

ಹಾಗೆಂದು ಪಚಡಿಗೆ ಜಿಡ್ಡೇ ಬೇಡವೆಂದಲ್ಲ. ಗಜ್ಜರಿಯಲ್ಲಿಯೂ ಹಸಿರು ಸೊಪ್ಪಿನಲ್ಲಿಯೂ ಕಣ್ಣಿಗೆ ಹಿತವಾದ ಸತ್ವವಿದೆ. ಸ್ವಲ್ಪ ಜಿಡ್ಡು ಜೊತೆಗಿದ್ದರೆ ಮಾತ್ರ ಅದು ಮೈಗೆ ಹತ್ತುತ್ತದೆ. ಆ ಸ್ವಲ್ಪ ಜಿಡ್ಡು ನಮ್ಮ ಮನೆಯ ಮೊಸರಿನಲ್ಲಿಯೇ ಇದೆ. ಎಮ್ಮೆಯ ಹಾಲಿನ 100 ಗ್ರಾಂ ಮೊಸರಿನಲ್ಲಿ 6-7 ಗ್ರಾಂ, ಆಕಳ ಹಾಲಿನದರಲ್ಲಿ ಸುಮಾರು 4 ಗ್ರಾಂ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದಾಗ ಇದು ದುಪ್ಪಟ್ಟಾದರೂ ಮೇಯನೇಸಿನ ಐದನೆಯ ಒಂದು ಪಾಲಿಗಿಂತ ಹೆಚ್ಚಾಗದು. ಆದುದರಿಂದ ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯವರಿಗೆ ನೀರು ಮಜ್ಜಿಗೆ ಉಳಿಸುವುದು ಜಾಣತನವಲ್ಲ. ದಿನಕ್ಕೆ ಅರ್ಧ ಲೀಟರಾದರೂ ಮನೆಯಲ್ಲಿ ಹೆಪ್ಪಿಗೆ ಬೀಳಲಿ.

ಮಾಡುವ ಬಗೆ ಹೀಗಿದೆ. ಹಾಲನ್ನು ಚೆನ್ನಾಗಿ ಕುದಿಸಿ, ಬೆರಳಿಗೆ ಬೆಚ್ಚಗೆ ಹತ್ತುವಷ್ಟು ಆರಿಸಿ ಹೆಪ್ಪು ಹಾಕಿರಿ. ಕಾಯಿಸದ ಹಾಲನ್ನು ಹೆಪ್ಪು ಹಾಕಲೇಬಾರದು. ದನಗಳಿಂದ ಮನುಷ್ಯರಿಗೆ ಬರುವ ಜ್ವರಗಳುಂಟು. ಮೊಸರು ಗಟ್ಟಿಯಾದ ಮೇಲೆ, ಹುಳಿ ಬರುವ ಮೊದಲೇ, ಅರ್ಧ ಲೀಟರಿನಷ್ಟನ್ನು ತೊಳೆದು ಒಣಗಿಸಿದ ತೆಳುವಾದ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿರಿ. ಕೆಳಗೊಂದು ಪಾತ್ರೆ ಇರಲಿ. ಎರಡು ಮೂರು ತಾಸಿನಲ್ಲಿ ನೀರಿಳಿದು ಅರ್ಧದಷ್ಟು ಉಳಿಯುತ್ತದೆ. ನಮ್ಮ ಬೇಸಿಗೆಯ ಬಿಸಿಲು ನಿಮಗೆ ಗೊತ್ತೇ ಇದೆ. ಆ ದಿನಗಳಲ್ಲಿ ನಸುಕಿನಲ್ಲಿಯೇ ಕಟ್ಟಿ ಹೊತ್ತೇರುವುದರೊಳಗೆ ಇಳಿಸಬೇಕು, ಇಲ್ಲವಾದರೆ ಹುಳಿ ಹಿಡಿಯುತ್ತದೆ. ಕೆಳಗೆ ಬಿದ್ದ ನೀರನ್ನು ಚೆಲ್ಲಬೇಡಿರಿ. ಸಾರಿಗೆ ಹಾಕಬಹುದು, ರೊಟ್ಟಿಯ ಹಿಟ್ಟಿಗೂ ಆಗುತ್ತದೆ.

ಈ ಗಟ್ಟಿ ಮೊಸರಿಗೆ ಹುರಿದು ಸಣ್ಣಗೆ ಕುಟ್ಟಿದ ಶೇಂಗಾ ಎರಡು ಚಮಚ, ಹುರಿದು ಕುಟ್ಟಿದ ಅಗಸಿ ಒಂದು ಚಮಚ, ಎರಡು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಒಂದು ಹಸಿಮೆಣಸಿನಕಾಯಿ ಜಜ್ಜಿ ಹಾಕಿ ಕಡಗೋಲಿನಿಂದ ಕಡೆಯಿರಿ. ಬೆಣ್ಣೆಯಂತೆ ನುಣ್ಣಗಾಗುತ್ತದೆ. ಅರ್ಧ ನಿಂಬೆಹಣ್ಣು ಹಿಂಡಿರಿ. ನಿಂಬೆಯ ಹುಳಿಯಿಂದ ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಚೆನ್ನಾಗಿ ಸೇರುತ್ತದೆ. ರಕ್ತ ಕಡಿಮೆಯಿರುವ ಹೆಣ್ಣುಮಕ್ಕಳಿಗೆ ಇದು ಮುಖ್ಯ. ಊಟವಾದ ಕೂಡಲೇ ಚಹಾ ಕುಡಿದರೆ ಈ ಲಾಭ ಕಡಿಮೆಯಾಗುತ್ತದೆ. ಅಗಸಿಯನ್ನು ಕುಟ್ಟಿಯೇ ಹಾಕಬೇಕು, ಇಡಿಯ ಕಾಳು ಕರಗದೆ ಹೊರಗೆ ಹೋಗಿಬಿಡುತ್ತದೆ. ಶೇಂಗಾದಲ್ಲಿ ಸುಮಾರು ಅರ್ಧ ಭಾಗ ಎಣ್ಣೆಯೇ ಇರುವುದರಿಂದ ಎರಡು ಚಮಚಕ್ಕಿಂತ ಹೆಚ್ಚು ಬೇಡ. ಹಿಂಡಿಯ ಮೇಲೆ ಹಸಿ ಎಣ್ಣೆ ಸುರಿದುಕೊಳ್ಳುವ ರೂಢಿ ನಮ್ಮಲ್ಲಿದೆ. ಈ ಪಚಡಿಗೆ ಅದರ ಅಗತ್ಯವೇ ಬೀಳದು.

ಉಪ್ಪನ್ನು ಊಟಕ್ಕೆ ಕೂರುವಾಗ ಹಾಕಿರಿ. ಮೊದಲೇ ಹಾಕಿದರೆ ಸೌತೆಕಾಯಿ, ಮೂಲಂಗಿ ನೀರು ಬಿಟ್ಟು ಮೊಸರು ತೆಳ್ಳಗಾಗುತ್ತದೆ. ಹೆಚ್ಚಿದ ಕಾಯಿಗಳನ್ನು ಬಟ್ಟೆಯಲ್ಲಿ ಒತ್ತಿ ನೀರಾರಿಸಿ ಕಲಸುವುದೂ ಒಳ್ಳೆಯದು. ಎಮ್ಮೆ ಬತ್ತಿದ ದಿನಗಳಲ್ಲಿ ಶೇಂಗಾ ಬೀಜವನ್ನು ರಾತ್ರಿ ನೆನೆಸಿ, ಸಿಪ್ಪೆ ತೆಗೆದು ನಿಂಬೆರಸದೊಡನೆ ನುಣ್ಣಗೆ ರುಬ್ಬಿದರೂ ನಡೆಯುತ್ತದೆ. ಜಿಡ್ಡು ಹೆಚ್ಚಾದ್ದರಿಂದ ಕಡಿಮೆ ಬಡಿಸಿರಿ.

ಇನ್ನು ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮೊದಲನೆಯದು ಶೇಂಗಾದ್ದು. ಬೂಸ್ಟು ಹಿಡಿದ, ಕಪ್ಪಾದ, ಸುಕ್ಕಿದ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಿರಿ. ಆ ಬೂಸ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ; ಅದು ಯಕೃತ್ತನ್ನು ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಆರಿಸಿ ತೆಗೆದದ್ದನ್ನು ಎಮ್ಮೆಯ ಮುಂದೆ ಸುರಿಯುವವರಿದ್ದಾರೆ. ಹಾಗೆ ಮಾಡಬಾರದು, ಆ ವಿಷ ಹಾಲಿನಲ್ಲಿ ಇಳಿದು ತಿರುಗಿ ನಮ್ಮ ಮಕ್ಕಳ ಹೊಟ್ಟೆಗೇ ಬರುತ್ತದೆ. ಕೊಯ್ಲಾದ ಮೇಲೆ ಕಾಯಿಗಳನ್ನು ಕಟಕಟ ಸದ್ದಾಗುವಂತೆ ಒಣಗಿಸಿ, ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡುವುದೇ ಇದಕ್ಕೆ ಉಪಾಯ.

ಎರಡನೆಯದು ಸೊಪ್ಪಿನದು. ಹಕ್ಕರಕಿ ಹೊಲದಲ್ಲಿ ತಾನೇ ಬೆಳೆಯುವ ಸೊಪ್ಪು, ಬಿತ್ತುವ ಕೆಲಸವಿಲ್ಲ. ಆದರೆ ಇಂದು ಆ ಹೊಲಗಳಲ್ಲಿ ಕಳೆನಾಶಕ ಬೀಳುತ್ತದೆ, ತೊಗರಿಗೆ ಹುಳದ ಔಷಧ ಹೊಡೆಯುತ್ತೇವೆ. ಔಷಧ ಬಿದ್ದ ಹೊಲದ, ಗಾಳಿಗೆ ಅದು ಹಾರಿ ಬಂದ ಬದುವಿನ ಸೊಪ್ಪನ್ನು ಹಸಿಯಾಗಿ ತಿನ್ನಬೇಡಿರಿ. ಹೆಂಗಸರು ಪಲ್ಯ ಕೀಳಲು ಹೋಗುವ ಮೊದಲು, ಯಾವ ಹೊಲಕ್ಕೆ ಎಂದು ಹೊಡೆದಿದೆ ಎಂಬುದನ್ನು ಗಂಡಸರು ಮನೆಯಲ್ಲಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ಈ ಮಾತೇ ಆಗುವುದಿಲ್ಲ. ಪಚಡಿಗೆಂದು ನಾಲ್ಕು ಮೊಳದ ಮಡಿಯನ್ನು ಮನೆಯ ಹತ್ತಿರವೇ ಮಾಡಿಕೊಂಡರೆ ಅಂಜಿಕೆಯಿಲ್ಲ. ಅದಕ್ಕೆ ಚರಂಡಿಯ ನೀರು ತಿರುಗಿಸಬಾರದು. ಸೊಪ್ಪನ್ನು ಬೇರು ಕತ್ತರಿಸಿ ಮೂರು ನೀರಿನಲ್ಲಿ ತೊಳೆದು, ಕೊನೆಯ ನೀರು ಕುದಿಸಿ ಆರಿಸಿದ್ದಾಗಿರಲಿ.

ಕಲಸಿದ ಪಚಡಿಯನ್ನು ಇಡಬಾರದು, ಆಗಲೇ ತಿಂದು ಮುಗಿಸಬೇಕು. ಕಟ್ಟಿದ ಮೊಸರು ತಣ್ಣನೆಯ ಗಡಿಗೆಯಲ್ಲಿದ್ದರೂ ಬೇಸಿಗೆಯಲ್ಲಿ ಅಂದಿಗೇ ಸರಿ. ಶೇಂಗಾ ಪುಡಿಯನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹದಿನೈದು ದಿನ ಇಡಬಹುದು. ಅಗಸಿಯದು ಬೇಗ ಕಮಟು ವಾಸನೆ ಹಿಡಿಯುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಕುಟ್ಟಿಕೊಳ್ಳಿರಿ.