ವಿದೂಷಕ ಮೀನಿನ ವರ್ಣವೈಚಿತ್ರ್ಯ

ಸಂಸ್ಕೃತ ನಾಟಕಗಳ ವಿದೂಷಕನನ್ನು ಸಭಿಕರು ಅವನ ವೇಷದಿಂದಲೇ ಗುರುತಿಸುವರು. ಸಮುದ್ರದಲ್ಲಿಯೂ ಅಂತಹ ವೇಷಧಾರಿಯೊಬ್ಬನುಂಟು. ಬೆರಳುದ್ದದ ಕಿತ್ತಳೆ ಬಣ್ಣದ ಮೈ. ಅದಕ್ಕೆ ಮೂರು ಬಿಳಿಯ ಪಟ್ಟೆಗಳು. ಪಟ್ಟೆಗಳ ಅಂಚಿಗೆ ಕಪ್ಪು ಗೆರೆ. ಇಂಗ್ಲಿಷರು ಇದನ್ನು ಕ್ಲೌನ್ ಫಿಷ್ ಎನ್ನುವರು. ನಾವು ವಿದೂಷಕ ಮೀನೆನ್ನೋಣ. ೨೦೦೩ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಎಂಬ ಚಲಚ್ಚಿತ್ರದಿಂದ ಮನೆಯ ಮಕ್ಕಳೂ ಇದನ್ನು ಬಲ್ಲರು. ಈಗ ಅಂಗಡಿಗಳ ಗಾಜಿನ ತೊಟ್ಟಿಗಳಲ್ಲಿ ಇದೇ ಜಾತಿಯ ಮೀನುಗಳು ಕಪ್ಪಾಗಿಯೂ, ಬಹುಮಟ್ಟಿಗೆ ಬಿಳಿಯಾಗಿಯೂ, ಚಿತ್ತಾರ ಬರೆದಂತೆಯೂ ಕಾಣುತ್ತಿರುವುವು. ಈ ಬಣ್ಣಗಳು ಎಲ್ಲಿಂದ ಬಂದುವು? ಇವುಗಳಿಂದ ಮೀನಿಗೆ ಹಿತವೋ ಅಹಿತವೋ? ವಾಚಕರೊಡನೆ ಇದನ್ನು ಸ್ವಲ್ಪ ವಿಚಾರಮಾಡಬೇಕೆಂದಿರುವೆನು.

ಮೊದಲು ಇದರ ಸಂಸಾರವನ್ನು ನೋಡೋಣ. ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ಬೆಚ್ಚನೆಯ ನೀರಿನಲ್ಲಿ, ಹವಳದ ದಿಬ್ಬಗಳ ನಡುವೆ, ಹೂವಿನಂತೆ ತೋರುವ ಒಂದು ಪ್ರಾಣಿಯುಂಟು. ಅದರ ಕುಡಿಗಳಲ್ಲಿ ವಿಷವಿರುವುದು. ಉಳಿದ ಮೀನುಗಳು ಹೆದರಿ ದೂರವಿರುವ ಆ ಕಡಲಹೂವಿನಲ್ಲಿಯೇ ವಿದೂಷಕ ಮೀನಿನ ವಾಸ. ನಮ್ಮ ಅಂಡಮಾನಿನ ಸಮುದ್ರದಲ್ಲಿಯೂ ಇವುಂಟು. ಒಂದೊಂದು ಮನೆಯಲ್ಲಿಯೂ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದೇ ಯಜಮಾನಿ. ಅದರ ತರುವಾಯದ್ದು ಗಂಡು. ಹೆಣ್ಣು ಸತ್ತರೆ ಆ ಗಂಡೇ ಕ್ರಮೇಣ ಹೆಣ್ಣಾಗಿ ಮಾರ್ಪಡುವುದು! ಈ ಸೋಜಿಗವನ್ನು ಫ್ರಿಕೆ ಎಂಬ ವಿದ್ವಾಂಸರು ೧೯೭೭ರಲ್ಲಿ ವಿವರಿಸಿ ಪ್ರಕಟಿಸಿದರು. ಮೊಟ್ಟೆಗಳನ್ನು ಕಾಯುವುದೂ ರೆಕ್ಕೆಯಿಂದ ನೀರು ಬೀಸುವುದೂ ಹೆಚ್ಚಾಗಿ ಗಂಡಿನ ಕೆಲಸ.

ಬಹುಕಾಲ ಈ ಮೀನುಗಳನ್ನು ಸಮುದ್ರದಿಂದಲೇ ಹಿಡಿದು ತರುತ್ತಿದ್ದರು. ಫಿಲಿಪ್ಪೀನ್ಸ್ ಮುಂತಾದ ಕಡೆಗಳಲ್ಲಿ ಕೆಲವರು ಅಲಂಕಾರದ ಮೀನುಗಳಿಗೆ ಮಂಪರು ಬರಿಸಲು ನೀರಿಗೆ ಸಯನೈಡ್ ವಿಷವನ್ನೇ ಬಿಡುತ್ತಿದ್ದುದರಿಂದ ಹವಳವೂ ಸಾಯುತ್ತಿದ್ದಿತು. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕೆಯ ಫ್ಲಾರಿಡಾ ಪ್ರಾಂತದ ಮಾರ್ಟಿನ್ ಮೋ ಎಂಬವರು ವಿದೂಷಕ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸಿ, ವ್ಯಾಪಾರಕ್ಕೆ ಸಾಕುವಷ್ಟು ಮರಿಗಳನ್ನು ಬೆಳೆಯಿಸಿದರು. ಮೊಟ್ಟೆಗಳು ಸುಮಾರು ಒಂದು ವಾರದ ಮೇಲೆ ರಾತ್ರಿಯ ಕತ್ತಲಲ್ಲಿ ಒಡೆಯುವುವು. ಮರಿಗಳು ಬಹಳ ಸಣ್ಣವು. ಅವುಗಳಿಗೆ ಮೊದಲು ರೋಟಿಫರ್ ಎಂಬ ಅತಿಸೂಕ್ಷ್ಮ ಜೀವಿಗಳೇ ಆಹಾರ. ಎರಡು ವಾರ ಕಳೆಯುವ ಹೊತ್ತಿಗೆ ಕಿತ್ತಳೆ ಬಣ್ಣವೂ ಬಿಳಿಯ ಪಟ್ಟೆಗಳೂ ಮೂಡತೊಡಗುವುವು. ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೂ ಈ ವಿದ್ಯೆಯನ್ನು ಸಾಧಿಸಿರುವರು.

ಸಾವಿರಾರು ಮರಿಗಳು ಕಣ್ಣೆದುರಿಗೆ ಬೆಳೆಯತೊಡಗಿದ ಮೇಲೆ, ಅವುಗಳಲ್ಲಿ ಒಂದೆರಡು ಬೇರೆಯಾಗಿರುವುದು ಕಂಡುಬಂದಿತು. ರೈತನು ಕಣದಲ್ಲಿ ಒಳ್ಳೆಯ ತೆನೆಯನ್ನು ಬೀಜಕ್ಕೆಂದು ಎತ್ತಿಡುವಂತೆ, ಸಾಕುವವರು ಅಂತಹ ಮರಿಗಳನ್ನು ಬೇರೆ ತೆಗೆದು ಜೋಡಿಮಾಡಿದರು. ಬ್ರಿಟನ್ನಿನ ಒಂದು ಮರಿಶಾಲೆಯಲ್ಲಿ ಹುಟ್ಟಿದ ತಳಿಗೆ ಹಿಮದ ಹಳಕು ಎಂಬರ್ಥದ ‘ಸ್ನೋಫ್ಲೇಕ್’ ಎಂದು ಹೆಸರು. ಪಟ್ಟೆಗಳು ಅಂಕುಡೊಂಕಾಗಿ ಹರಡಿದ ಇನ್ನೊಂದಕ್ಕೆ ಚಿತ್ರಕಾರನ ಹೆಸರಿನಿಂದ ‘ಪಿಕಾಸೋ’ ಎಂದರು. ಕಪ್ಪು ತಳಿಯಾದರೋ ಮನುಷ್ಯನು ಮಾಡಿದ್ದಲ್ಲ. ಆಸ್ಟ್ರೇಲಿಯದ ಡಾರ್ವಿನ್ ಪಟ್ಟಣದ ಹತ್ತಿರದ ಸಮುದ್ರದಲ್ಲಿ ಅದು ಸ್ವಭಾವತಃ ಇರತಕ್ಕದ್ದು.

“ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬುದು ನಮ್ಮ ಗಾದೆ. ಆದರೆ ಎರಡು ಪಿಕಾಸೋ ಮೀನುಗಳನ್ನು ಜೋಡಿಮಾಡಿದರೆ ಗಾದೆ ತಪ್ಪಿದಂತೆ ತೋರುವುದು. ಸರಾಸರಿ ನಾಲ್ಕು ಮರಿಗಳಲ್ಲಿ ಎರಡು ಪಿಕಾಸೋ; ಒಂದು ಅಜ್ಜಂದಿರಂತೆ ಸಾಧಾರಣ; ಉಳಿದ ಒಂದು ತಂದೆತಾಯಿಗಳಿಗಿಂತಲೂ ಬಿಳುಪು. ಈ ಕಡೆಯದನ್ನು ‘ಪ್ಲಾಟಿನಮ್’ ಎನ್ನುವರು. ಇದರ ಮರ್ಮವು ಮೆಂಡೆಲನು ಬಟಾಣಿಯ ಗಿಡಗಳಿಂದ ತಿಳಿದು ೧೮೬೬ರಲ್ಲಿ ಪ್ರಕಟಿಸಿದ ನಿಯಮದಲ್ಲಿರುವುದು. ಪ್ರತಿಯೊಂದು ಮರಿಯೂ ತಂದೆಯಿಂದ ಒಂದು ಬೀಜಾಂಶವನ್ನೂ ತಾಯಿಯಿಂದ ಒಂದನ್ನೂ ಪಡೆಯುವುದು. ಚಿತ್ತಾರದ ಅಂಶ ಒಂದೇ ಬಂದರೆ ಪಿಕಾಸೋ. ಎರಡೂ ಬಂದರೆ ಪ್ಲಾಟಿನಮ್. ಒಂದೂ ಬಾರದಿದ್ದರೆ ಸಾಧಾರಣ. ಹೀಗೆ ನೋಡಿದರೆ ಗಾದೆ ತಪ್ಪಲಿಲ್ಲ. ನೂಲಿನ ಎಳೆಗಳು ಎರಡೆಂಬುದನ್ನು ನಾವು ಗಮನಿಸಿರಲಿಲ್ಲ, ಅಷ್ಟೆ.

ಬಣ್ಣವು ಕೇವಲ ಬೀಜದ ವಿಷಯವೂ ಅಲ್ಲ. ಪಾಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ, ಮರಿಯು ಯಾವ ಜಾತಿಯ ಕಡಲಹೂವಿನಲ್ಲಿ ನೆಲಸುವುದೋ ಅದಕ್ಕನುಸಾರವಾಗಿ ಬಿಳಿಯ ಪಟ್ಟೆಗಳು ಬೇಗನೆ ಅಥವಾ ತಡವಾಗಿ ಮೂಡುವುವೆಂದೂ, ಥೈರಾಯ್ಡ್ ಗ್ರಂಥಿಯ ರಸಗಳು ಇದಕ್ಕೆ ಕಾರಣವೆಂದೂ ವಿಜ್ಞಾನಿಗಳು ೨೦೨೧ರಲ್ಲಿ ತೋರಿಸಿಕೊಟ್ಟರು.

ಆದರೆ ಆಯ್ಕೆಯೆಂಬುದು ಎರಡು ಅಲಗಿನ ಕತ್ತಿ. ಅಪೂರ್ವವಾದ ಬಣ್ಣಕ್ಕೆ ಹೆಚ್ಚು ಬೆಲೆ ಬರುವುದೆಂದು, ಒಡಹುಟ್ಟಿದವುಗಳನ್ನೇ ತಲೆತಲಾಂತರವಾಗಿ ಕೂಡಿಸಿದರೆ ವಂಶವು ಬಲಗುಂದುವುದು. ಸಾಕಿದ ಮೀನುಗಳಲ್ಲಿ ಕಿವಿರಿನ ಮುಚ್ಚಳ ಗಿಡ್ಡವಾಗಿರುವುದೂ ದವಡೆ ಸೊಟ್ಟಗಿರುವುದೂ ಉಂಟು. ಮರಿಗಳ ಆಹಾರ ಮತ್ತು ನೀರಿನ ದೋಷಗಳೂ ಇದಕ್ಕೆ ಕಾರಣವಾಗಬಹುದು. ಅಂತಹ ಮರಿಯನ್ನು ಬಣ್ಣದ ಆಸೆಯಿಂದ ತಳಿಗೆ ಉಳಿಸಿಕೊಳ್ಳುವುದು ಅನ್ಯಾಯ. ಮತ್ತೆ ಕೆಲವರು ಎರಡು ಬೇರೆ ಜಾತಿಗಳನ್ನೇ ಬೆರಸಿ ಹೊಸ ಹೆಸರಿಡುತ್ತಿರುವರು. ಲೆಕ್ಕವಿಡದಿದ್ದರೆ ಕೆಲವು ತಲೆಗಳಲ್ಲಿಯೇ ಯಾವುದು ಶುದ್ಧ, ಯಾವುದು ಮಿಶ್ರವೆಂದು ಹೇಳುವುದೇ ಅಸಾಧ್ಯವಾಗುವುದು.

ಹಾಗೆಂದು ಈ ವಿದ್ಯೆಯನ್ನು ಹಳಿಯತಕ್ಕದ್ದಲ್ಲ. ತೊಟ್ಟಿಯಲ್ಲಿ ಹುಟ್ಟಿದ ಮೀನನ್ನು ಕೊಂಡಾಗ, ಆ ಮಟ್ಟಿಗೆ ಸಮುದ್ರದ ಮೀನು ತನ್ನ ಮನೆಯಲ್ಲಿ ಉಳಿಯುವುದು. ಆದಕಾರಣ ಮಕ್ಕಳ ಸಂತೋಷಕ್ಕಾಗಿ ಇಂತಹ ಮೀನನ್ನು ತರಬೇಕೆಂದಿರುವ ಗೃಹಸ್ಥರಿಗೆ ನನ್ನ ಅರಿಕೆ ಇಷ್ಟೆ. ಇದು ಉಪ್ಪುನೀರಿನ ಜೀವಿ. ಅಂತಹ ನೀರನ್ನು ಸಮಸ್ಥಿತಿಯಲ್ಲಿ ಇಡಲು ಶಕ್ತಿಯಿದ್ದರೆ ಮಾತ್ರ ತರಬೇಕು. ಮರಿಶಾಲೆಯಲ್ಲಿ ಹುಟ್ಟಿದ್ದೇ ಎಂದು ವಿಚಾರಿಸಬೇಕು. ಬಣ್ಣವನ್ನು ನೋಡುವ ಮೊದಲು ಅದು ಹಸಿವಿನಿಂದ ಆಹಾರ ತಿನ್ನುವುದೇ, ಸರಾಗವಾಗಿ ಈಜುವುದೇ, ಕಿವಿರು ಸರಿಯಾಗಿ ಮುಚ್ಚುವುದೇ ಎಂದು ನೋಡಬೇಕು. ಕೊಳ್ಳುವವರು ಆರೋಗ್ಯವನ್ನು ಕೇಳಿದರೆ ಸಾಕುವವರೂ ಆರೋಗ್ಯವನ್ನೇ ಆರಿಸುವರು. ಬರಿಯ ಬಣ್ಣವನ್ನು ಕೇಳಿದರೆ ಬರಿಯ ಬಣ್ಣವನ್ನೇ ಮಾರುವರು.