ಸಕ್ಕರೆ ಅಚ್ಚಿನ ಒಳಗುಟ್ಟು: ಮಕ್ಕಳ ಸಂತೆಗೊಂದು ಸಿಹಿ ಪಾಠ



ನಿಮ್ಮ ಶಾಲೆಯಲ್ಲಿ ಮಕ್ಕಳ ಸಂತೆ ನಡೆಸಿದ್ದೀರಾ? ಸೊಪ್ಪು, ತರಕಾರಿ, ಕಡಲೆಕಾಯಿ, ಮಜ್ಜಿಗೆ, ಮಂಡಕ್ಕಿ ಎಲ್ಲವನ್ನೂ ನೀವೇ ತಂದು, ನೀವೇ ಅಳೆದು, ನೀವೇ ಚಿಲ್ಲರೆ ಎಣಿಸಿ ಮಾರುವ ಸಂತೆ ಅದು. ಈ ಸಲ ಸಂತೆಗೆ ಒಂದು ಉದ್ದೇಶವನ್ನೂ ಇಟ್ಟುಕೊಳ್ಳೋಣ. ತರಗತಿಯ ಓದುವ ಮೂಲೆಗೆ ಕೆಲವು ಕಥೆ ಪುಸ್ತಕಗಳು ಬೇಕು. ಅದಕ್ಕೆ ಬೇಕಾದ ಹಣವನ್ನು ನಾವೇ ಸಂಪಾದಿಸಬೇಕು. ಹಾಗಾದರೆ ಏನು ಮಾರೋಣ?

ಸಕ್ಕರೆ ಅಚ್ಚು ಮಾರೋಣ. ಸಂಕ್ರಾಂತಿಗೆ ಎಳ್ಳು ಬೀರುವಾಗ ಎಳ್ಳು-ಬೆಲ್ಲದ ಜೊತೆಗೆ ಕೊಡುವ ಆನೆ, ಗಿಳಿ, ಮೀನು, ಬಾಳೆಗೊನೆ, ತುಳಸಿಕಟ್ಟೆಗಳೆಲ್ಲ ನಿಮಗೆ ಗೊತ್ತೇ ಇವೆ. ಅದನ್ನು ಮಾಡಲು ಬೇಕಾಗುವುದು ಸಕ್ಕರೆ, ನೀರು, ಸ್ವಲ್ಪ ಹಾಲು ಮತ್ತು ಮರದ ಅಚ್ಚು, ಅಷ್ಟೇ. ಆದರೂ ಕೆಲವರ ಮನೆಯ ಅಚ್ಚು ಬೆಳ್ಳಗೆ, ಗರಿಗರಿಯಾಗಿ ಬರುತ್ತದೆ. ಕೆಲವರದು ಅಂಟಂಟಾಗಿ ಮರಕ್ಕೇ ಕಚ್ಚಿಕೊಳ್ಳುತ್ತದೆ. ಏಕೆ ಹೀಗೆ? ಇದು ಕೈಗುಣವಲ್ಲ, ವಿಜ್ಞಾನ. ಬನ್ನಿ, ಅದನ್ನು ತಿಳಿಯೋಣ.

ಒಂದೇ ಸಕ್ಕರೆ, ಮೂರು ರೂಪ

ಮೊದಲು ಒಂದು ಪ್ರಯೋಗ. ಒಂದು ಲೋಟ ತಣ್ಣೀರಿಗೆ ಒಂದೊಂದೇ ಚಮಚ ಸಕ್ಕರೆ ಹಾಕಿ ಕಲಕುತ್ತಾ ಹೋಗಿ. ಎಷ್ಟನೆಯ ಚಮಚದ ನಂತರ ಸಕ್ಕರೆ ಕರಗದೆ ತಳದಲ್ಲಿ ಉಳಿಯಿತು? ಬರೆದಿಟ್ಟುಕೊಳ್ಳಿ. ಅಷ್ಟೇ ಬಿಸಿನೀರಿಗೂ ಹೀಗೆಯೇ ಮಾಡಿ. ಬಿಸಿನೀರಿನಲ್ಲಿ ಹೆಚ್ಚು ಚಮಚ ಕರಗುತ್ತದೆ, ಅಲ್ಲವೇ? 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ 100 ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಕುದಿಯುವ ಬಿಸಿಯಲ್ಲಿ ಅಷ್ಟೇ ನೀರು 480 ಗ್ರಾಂಗೂ ಹೆಚ್ಚು ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ.

ಹಾಗಾದರೆ ಬಿಸಿ ಪಾಕ ತಣ್ಣಗಾದಾಗ ಏನಾಗುತ್ತದೆ? ನೀರಿಗೆ ಅಷ್ಟು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಹೆಚ್ಚಾದ ಸಕ್ಕರೆ ಹೊರಗೆ ಬರಲೇಬೇಕು. ಅದು ಹೇಗೆ ಹೊರಗೆ ಬರುತ್ತದೆ ಎಂಬುದರ ಮೇಲೆ ತಿನಿಸಿನ ರೂಪ ನಿಂತಿದೆ.

ಪಾಕದಲ್ಲಿ ಒಂದು ದಾರ ಇಳಿಬಿಟ್ಟು, ಅಲುಗಾಡಿಸದೆ ಹಲವು ದಿನ ಬಿಟ್ಟರೆ ಸಕ್ಕರೆಯ ಕಣಗಳು ದಾರದ ಮೇಲೆ ಸಾಲಾಗಿ, ನಿಧಾನವಾಗಿ ಜೋಡಣೆಯಾಗುತ್ತವೆ. ಆಗ ದೊಡ್ಡ ದೊಡ್ಡ ಹರಳುಗಳು ಬೆಳೆಯುತ್ತವೆ. ಅದೇ ಕಲ್ಲುಸಕ್ಕರೆ.

ಪಾಕವನ್ನು ಚೆನ್ನಾಗಿ ಕಾಯಿಸಿ ಸೌಟಿನಿಂದ ತಿರುವಿದರೆ ಒಂದೇ ಕ್ಷಣದಲ್ಲಿ ಸಾವಿರಾರು ಕಡೆ ಹರಳುಗಳು ಹುಟ್ಟುತ್ತವೆ. ಎಲ್ಲವೂ ಒಟ್ಟಿಗೆ ಹುಟ್ಟಿದ್ದರಿಂದ ಯಾವುದಕ್ಕೂ ದೊಡ್ಡದಾಗಿ ಬೆಳೆಯಲು ಅವಕಾಶವಿಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳುಗಳೇ ಒತ್ತೊತ್ತಾಗಿ ಸೇರಿ ಗಟ್ಟಿಯಾಗುತ್ತವೆ. ಅದೇ ಸಕ್ಕರೆ ಅಚ್ಚು. ಈ ಚಿಕ್ಕ ಹರಳುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಆದ್ದರಿಂದಲೇ ಅಚ್ಚು ಬೆಳ್ಳಗೆ ಕಾಣುತ್ತದೆ.

ಪಾಕವನ್ನು ಇನ್ನೂ ಕಾಯಿಸಿ 150 ಡಿಗ್ರಿಯ ಹತ್ತಿರಕ್ಕೆ ತಂದು, ತಿರುವದೆ ಬೇಗ ತಣಿಸಿದರೆ ಕಣಗಳಿಗೆ ಸಾಲಾಗಿ ನಿಲ್ಲಲು ಸಮಯವೇ ಸಿಗುವುದಿಲ್ಲ. ಹೇಗಿದ್ದವೋ ಹಾಗೆಯೇ ಗಟ್ಟಿಯಾಗಿಬಿಡುತ್ತವೆ. ಕಿಟಕಿಯ ಗಾಜಿನಲ್ಲಿಯೂ ಕಣಗಳು ಹೀಗೆಯೇ ಕ್ರಮವಿಲ್ಲದೆ ಇರುತ್ತವೆ. ಕಡ್ಡಿಗೆ ಸಿಕ್ಕಿಸಿದ ಪಾರದರ್ಶಕ ಲಾಲಿಪಾಪ್ ನಿಜಕ್ಕೂ ಸಕ್ಕರೆಯ ಗಾಜು!

ಅಚ್ಚು ಹಾಕುವ ಬಗೆ

ಎಚ್ಚರಿಕೆ: ಒಲೆಯ ಕೆಲಸ ದೊಡ್ಡವರದು. ಕುದಿಯುವ ನೀರು 100 ಡಿಗ್ರಿಯಲ್ಲಿದ್ದರೆ ಗಟ್ಟಿ ಪಾಕ ಅದಕ್ಕಿಂತ ಬಿಸಿಯಾಗಿರುತ್ತದೆ. ನೀರು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ನೀವು ಒಲೆಯಿಂದ ದೂರ ನಿಂತು ನೋಡಿ, ಬರೆದುಕೊಳ್ಳಿ. ಯಾರಿಗಾದರೂ ಪಾಕ ತಗುಲಿದರೆ ಕೂಡಲೇ ಆ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡಬೇಕು. ಮಂಜುಗಡ್ಡೆ, ಪೇಸ್ಟ್, ಶಾಯಿ ಯಾವುದನ್ನೂ ಹಚ್ಚಬಾರದು. ನಂತರ ವೈದ್ಯರಿಗೆ ತೋರಿಸಬೇಕು.

1. ಮರದ ಅಚ್ಚುಗಳನ್ನು ಮೂರು-ನಾಲ್ಕು ಗಂಟೆ ನೀರಿನಲ್ಲಿ ನೆನೆಸಿಡಿ. ಮರದಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಅವು ನೀರಿನಿಂದ ತುಂಬಿದ್ದರೆ ಪಾಕ ಒಳಗೆ ಇಳಿದು ಕಚ್ಚಿಕೊಳ್ಳುವುದಿಲ್ಲ. ನೆನೆದ ಅಚ್ಚನ್ನು ಒರೆಸಿ, ಎರಡು ಭಾಗಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ.

2. ಒಂದು ಕಿಲೋ ಸಕ್ಕರೆಗೆ ಸುಮಾರು ಅರ್ಧ ಲೀಟರ್ ನೀರು ಹಾಕಿ ಕಾಯಿಸಬೇಕು. ಕುದಿ ಬಂದಾಗ ನಾಲ್ಕು ಚಮಚ ಹಾಲು ಹಾಕಬೇಕು. ಹಾಲಿನ ಪ್ರೋಟೀನು ಬಿಸಿಗೆ ಗಟ್ಟಿಯಾಗಿ, ಸಕ್ಕರೆಯಲ್ಲಿರುವ ಕಸವನ್ನು ಹಿಡಿದುಕೊಂಡು ನೊರೆಯ ಜೊತೆ ಮೇಲೆ ಬರುತ್ತದೆ. ಅದನ್ನು ತೆಗೆದು, ಪಾಕವನ್ನು ಒದ್ದೆ ಬಟ್ಟೆಯಲ್ಲಿ ಸೋಸಬೇಕು.

3. ಸೋಸಿದ ಪಾಕವನ್ನು ಒಮ್ಮೆಗೆ ಒಂದು ಲೋಟದಷ್ಟು ಮಾತ್ರ ದಪ್ಪ ತಳದ ಪಾತ್ರೆಗೆ ಹಾಕಿ ಕಾಯಿಸಬೇಕು. ಹೆಚ್ಚು ಹಾಕಿದರೆ ಅಚ್ಚಿಗೆ ಹೊಯ್ಯುವಷ್ಟರಲ್ಲಿ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಪಾಕ ದಪ್ಪವಾಗಿ ಗುಳ್ಳೆ ಏಳುವಾಗ ಸೌಟಿನಿಂದ ಪಾತ್ರೆಯ ಬದಿಗೆ ಉಜ್ಜುತ್ತಾ ತಿರುವಬೇಕು. ಬದಿಯಲ್ಲಿ ಬೆಳ್ಳಗಾಗುತ್ತಿದೆಯೇ? ಹರಳುಗಳು ಹುಟ್ಟಿದವು ಎಂದರ್ಥ. ಇನ್ನು ತಡ ಮಾಡದೆ ಅಚ್ಚಿಗೆ ಹೊಯ್ಯಬೇಕು.

4. ಐದು-ಹತ್ತು ನಿಮಿಷ ಬಿಟ್ಟು, ತಣಿದ ಮೇಲೆ ಅಚ್ಚು ಬಿಡಿಸಿ. ಈ ಕೆಲಸ ನೀವೇ ಮಾಡಬಹುದು. ಮುರಿದ ಬಾಲ, ಕೊಕ್ಕುಗಳನ್ನು ಎಸೆಯಬೇಡಿ. ನೀರು ಹಾಕಿ ಮತ್ತೆ ಕಾಯಿಸಿದರೆ ಅದೇ ಪಾಕ!

ಅಚ್ಚು ಕೈಕೊಟ್ಟರೆ

ಅಂಟಂಟಾಗಿ ಉಳಿಯಿತೇ? ಪಾಕದಲ್ಲಿ ನೀರು ಹೆಚ್ಚಿದೆ, ಇನ್ನಷ್ಟು ಕಾಯಬೇಕಿತ್ತು. ಪಾತ್ರೆಯಲ್ಲೇ ಪುಡಿಪುಡಿಯಾಯಿತೇ? ತಿರುವಿದ್ದು ಹೆಚ್ಚಾಯಿತು. ಎಷ್ಟು ಕಾಯಿಸಿದರೂ ಬೆಳ್ಳಗಾಗಲಿಲ್ಲವೇ? ಪಾತ್ರೆಗೋ ಸೌಟಿಗೋ ಹುಳಿ ತಗುಲಿರಬಹುದು. ಹುಳಿಯ ಜೊತೆ ಕಾದಾಗ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಬೇರೆ ಸಕ್ಕರೆಗಳಾಗುತ್ತದೆ. ಇವುಗಳ ಕಣದ ಆಕಾರ ಬೇರೆ. ಸಾಲಿನ ನಡುವೆ ನುಗ್ಗಿ ಹರಳು ಜೋಡಣೆಯಾಗದಂತೆ ತಡೆಯುತ್ತವೆ. ಪಾಕ ಹರಳುಗಟ್ಟದಿರಲಿ ಎಂದು ಜಾಮೂನಿನ ಪಾಕಕ್ಕೆ ನಿಂಬೆರಸ ಹಿಂಡುವುದು ಇದಕ್ಕಾಗಿಯೇ. ಅಲ್ಲಿ ಬೇಕಾದ ಗುಣ ಇಲ್ಲಿ ಬೇಡ.

ಮಾತು ಬರೆದ ಸಕ್ಕರೆ

ಸಿಹಿ ಕೊಟ್ಟು ಒಳ್ಳೆಯ ಮಾತು ಹೇಳುವ ಪದ್ಧತಿ ಬೇರೆ ದೇಶಗಳಲ್ಲೂ ಇದೆ. ಅಮೆರಿಕದಲ್ಲಿ ಫೆಬ್ರವರಿ 14ರ ವ್ಯಾಲೆಂಟೈನ್ ದಿನದಂದು ಚಿಕ್ಕ ತರಗತಿಯ ಮಕ್ಕಳೂ ತಮ್ಮ ಸಹಪಾಠಿಗಳಿಗೆ ಶುಭಾಶಯ ಪತ್ರ, ಮಿಠಾಯಿ ಹಂಚುತ್ತಾರೆ. ಕೆಲವು ಶಾಲೆಗಳಲ್ಲಿ ಚೀಟಿ ಕಟ್ಟಿದ ಮಿಠಾಯಿ ಮಾರಿ ಶಾಲೆಯ ಕೆಲಸಕ್ಕೆ ಹಣ ಕೂಡಿಸುತ್ತಾರೆ. ಅಲ್ಲಿ ಹೃದಯದ ಆಕಾರದ ಪುಟ್ಟ ಮಿಠಾಯಿಯ ಮೇಲೆ ಒಂದೆರಡು ಪದಗಳೇ ಅಚ್ಚಾಗಿರುತ್ತವೆ. 1847ರಲ್ಲಿ ಬಾಸ್ಟನ್ ನಗರದ ಆಲಿವರ್ ಚೇಸ್ ಎಂಬುವರು ಸಕ್ಕರೆಯ ಬಿಲ್ಲೆ ಕತ್ತರಿಸುವ ಯಂತ್ರ ತಯಾರಿಸಿದರು. 1866ರಲ್ಲಿ ಅವರ ಸಹೋದರ ಡೇನಿಯಲ್ ಚೇಸ್ ಮಿಠಾಯಿಯ ಮೇಲೆ ಅಕ್ಷರ ಒತ್ತುವ ವಿಧಾನ ಕಂಡುಹಿಡಿದರು. ಹೃದಯದ ಆಕಾರ ಬಂದದ್ದು 20ನೇ ಶತಮಾನದ ಆರಂಭದಲ್ಲಿ.

ಇದರಲ್ಲಿ ನಮಗೊಂದು ಉಪಯೋಗದ ವಿಷಯವಿದೆ. ಆ ಮಿಠಾಯಿಗೆ ಪಾಕ ಕಾಯಿಸಿ ಹೊಯ್ಯುವುದಿಲ್ಲ. ನುಣ್ಣನೆಯ ಸಕ್ಕರೆ ಪುಡಿಗೆ ಅಂಟು ಸೇರಿಸಿ, ಚಪಾತಿ ಹಿಟ್ಟಿನಂತೆ ನಾದಿ, ಲಟ್ಟಿಸಿ, ಕತ್ತರಿಸಿ ಒಣಗಿಸುತ್ತಾರೆ. ಪುಡಿಯನ್ನು ಹಿಡಿದಿಡಲು ಒಂದು ಅಂಟು ಇದ್ದರೆ ಪಾಕವೇ ಬೇಡ! ನಮ್ಮ ಅಡುಗೆಮನೆಯಲ್ಲಿ ಅಂಥ ಅಂಟು ಇದೆ, ಅದು ತುಪ್ಪ. ಎರಡು ಲೋಟ ಹುರಿಗಡಲೆ ಪುಡಿ, ಒಂದೂವರೆ ಲೋಟ ಸಕ್ಕರೆ ಪುಡಿ, ಸ್ವಲ್ಪ ಏಲಕ್ಕಿ ಪುಡಿ ಬೆರೆಸಿ. ದೊಡ್ಡವರು ಕರಗಿಸಿಕೊಟ್ಟ ಬೆಚ್ಚನೆಯ ತುಪ್ಪವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಷ್ಟು ಸಾಕು. ತುಪ್ಪ ಸವರಿದ ಅಚ್ಚಿನಲ್ಲಿ ಒತ್ತಿ ತೆಗೆಯಿರಿ. ತಣ್ಣಗಾದಂತೆ ತುಪ್ಪ ಹೆಪ್ಪುಗಟ್ಟಿ ಕಣಗಳನ್ನು ಬಂಧಿಸುತ್ತದೆ. ಇದನ್ನು ಪೂರ್ತಿ ನಿಮ್ಮ ಕೈಯಿಂದಲೇ ಮಾಡಬಹುದು. ಕೈ ತೊಳೆದಿರಿ ತಾನೇ?

ಸಿಹಿಯ ಹೂಗುಚ್ಛ

ಇನ್ನು ಅಂದಗೊಳಿಸುವ ಕೆಲಸ. ಅಚ್ಚನ್ನು ಬಟರ್ ಪೇಪರಿನಲ್ಲಿ ಸುತ್ತಿ. ಹೊಸ ತೆಂಗಿನ ಗರಿಯ ಕಡ್ಡಿಯ ತುದಿಗೆ ದಾರದಿಂದ ಕಟ್ಟಿ. ಅದರ ಸುತ್ತ ಬಣ್ಣದ ಕಾಗದದ ಎಸಳು ಜೋಡಿಸಿ. ಇಂಥ ಐದು ಹೂ ಸೇರಿದರೆ ಒಂದು ಹೂಗುಚ್ಛ. ಕಡ್ಡಿ ಬಾಗುತ್ತಿದೆಯೇ? ಕಡ್ಡಿಯನ್ನು ಸ್ವಲ್ಪ ಗಿಡ್ಡ ಮಾಡಿ ನೋಡಿ. ತೂಕ ಅಷ್ಟೇ ಇದ್ದರೂ ಕಡ್ಡಿ ಉದ್ದವಾದಷ್ಟೂ ಹೆಚ್ಚು ಬಾಗುತ್ತದೆ. ಕೊಳ್ಳುವವರ ಕೈಗೆ ಒಂದು ಪುಟ್ಟ ಚೀಟಿ ಕೊಟ್ಟು, ಯಾರಿಗೆ ಕೊಡುತ್ತಾರೋ ಅವರಿಗೆ ಒಂದು ಒಳ್ಳೆಯ ಮಾತು ಬರೆಯಲು ಹೇಳಿ. ಅಜ್ಜಿಗೆ, ಬಿಸಿಯೂಟ ಮಾಡುವ ಅಕ್ಕನಿಗೆ, ಗೆಳತಿಗೆ, ಯಾರಿಗಾದರೂ ಸರಿ.

ಬಣ್ಣ ಕಾಗದಕ್ಕಿರಲಿ, ತಿನಿಸು ಬಿಳಿಯಾಗಿಯೇ ಇರಲಿ. ಜಾತ್ರೆಯ ಬೊಂಬಾಯಿ ಮಿಠಾಯಿಯ ಕಡು ಗುಲಾಬಿ ಬಣ್ಣ ನೋಡಿದ್ದೀರಲ್ಲ? ಅದರಲ್ಲಿ ಕೆಲವರು ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣ ಬೆರೆಸುತ್ತಿದ್ದುದು ಪರೀಕ್ಷೆಯಲ್ಲಿ ಗೊತ್ತಾಯಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಇಂಥ ಬಣ್ಣದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ತಿನಿಸನ್ನು ವೃತ್ತಪತ್ರಿಕೆಯಲ್ಲಿಯೂ ಸುತ್ತಬೇಡಿ, ಮುದ್ರಣದ ಶಾಯಿ ತಿನಿಸಿಗೆ ಅಂಟುತ್ತದೆ. ಸ್ಟೇಪ್ಲರ್ ಪಿನ್ನು ಬೇಡವೇ ಬೇಡ. ಬಾಯಿಗೆ ಹೋದರೆ ಅಪಾಯ.

ಲೆಕ್ಕ ಹಾಕೋಣ

ಒಂದು ಕಿಲೋ ಸಕ್ಕರೆಯಿಂದ 10 ಗ್ರಾಂನ 100 ಅಚ್ಚು ಬರುತ್ತದೆ ಎನ್ನೋಣ. 10 ಮುರಿದರೆ ಉಳಿದದ್ದು 90. ಬೆಲೆಗಳು ಊರಿಂದ ಊರಿಗೆ ಬೇರೆ ಬೇರೆ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ಸಕ್ಕರೆ 45 ರೂ., ಹಾಲು 5 ರೂ., ಗ್ಯಾಸ್ 20 ರೂ., ಕಾಗದ, ದಾರ 30 ರೂ. ಒಟ್ಟು ಖರ್ಚು 100 ರೂ. ಬಿಡಿಯಾಗಿ 3 ರೂಪಾಯಿಯಂತೆ ಮಾರಿದರೆ 270 ರೂ. ಬರುತ್ತದೆ. ಉಳಿತಾಯ 170 ರೂ.

ಹೂಗುಚ್ಛ ಮಾಡಿದರೆ? 90 ಅಚ್ಚಿಗೆ 18 ಹೂಗುಚ್ಛ. ಒಂದಕ್ಕೆ 20 ರೂ. ಆದರೆ 360 ರೂ. ಕಾಗದದ ಖರ್ಚು 30 ರೂ. ಹೆಚ್ಚಾಗಿ ಒಟ್ಟು ಖರ್ಚು 130 ರೂ. ಉಳಿತಾಯ 230 ರೂ. ಸಕ್ಕರೆ ಅಷ್ಟೇ, ಹೆಚ್ಚಿದ್ದು ನಿಮ್ಮ ಕೈಕೆಲಸದ ಬೆಲೆ.

ಈಗ ಒಂದು ಮಾತು. ಈ ಲೆಕ್ಕದಲ್ಲಿ ಒಂದು ಖರ್ಚು ಬಿಟ್ಟುಹೋಗಿದೆ. ಯಾವುದು? ಎರಡು ಗಂಟೆ ಒಲೆಯ ಮುಂದೆ ನಿಂತು ಪಾಕ ತಿರುವಿದ ಅಮ್ಮನ ದುಡಿಮೆ! ಅದಕ್ಕೂ ಕೂಲಿ ಹಾಕಿದ್ದರೆ ಉಳಿತಾಯ ಎಷ್ಟಾಗುತ್ತಿತ್ತು? ಅಮ್ಮ ಹಣ ಕೇಳುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ "ಪಾಕ ಮಾಡಿಕೊಟ್ಟವರು, ಎರಡು ಗಂಟೆ" ಎಂದು ಹೆಸರು ಸಹಿತ ಬರೆಯಿರಿ. ಅದು ಅವರ ಕೊಡುಗೆ. ಅಚ್ಚು ಎರವಲು ಕೊಟ್ಟವರ ಹೆಸರೂ ಇರಲಿ. ಖರ್ಚು, ಆದಾಯ, ಕೊಂಡ ಪುಸ್ತಕಗಳ ಪಟ್ಟಿ ಎಲ್ಲವನ್ನೂ ದೊಡ್ಡ ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿ. ಹಣ ಕೊಟ್ಟವರಿಗೆ ಅದು ಏನಾಯಿತು ಎಂದು ತಿಳಿಯಬೇಕಲ್ಲವೇ?

ನೆನಪಿಡಿ: ಸಕ್ಕರೆಯನ್ನು ನಾವಷ್ಟೇ ತಿನ್ನುವುದಿಲ್ಲ, ನಮ್ಮ ಹಲ್ಲಿನ ಮೇಲಿರುವ ಬ್ಯಾಕ್ಟೀರಿಯಾಗಳೂ ತಿನ್ನುತ್ತವೆ. ಅವು ಬಿಡುವ ಆಮ್ಲ ಹಲ್ಲನ್ನು ಕೊರೆಯುತ್ತದೆ. ಆದ್ದರಿಂದಲೇ ಅಚ್ಚು ಚಿಕ್ಕದಿರಲಿ. ಒಬ್ಬರಿಗೆ ಒಂದು ಸಾಕು. ತಿಂದ ಮೇಲೆ ಬಾಯಿ ಮುಕ್ಕಳಿಸಿ.

ಯೋಚಿಸಿ, ಉತ್ತರಿಸಿ

1. ಕಲ್ಲುಸಕ್ಕರೆಯನ್ನು ಕುಟ್ಟಿ ನುಣ್ಣಗೆ ಪುಡಿ ಮಾಡಿದರೆ ಅದು ಬೆಳ್ಳಗೆ ಕಾಣುತ್ತದೆ. ಏಕೆ?

2. ಮಳೆಗಾಲದಲ್ಲಿ ಡಬ್ಬಿಯ ಹೊರಗಿಟ್ಟ ಲಾಲಿಪಾಪ್ ಅಂಟಂಟಾಗುತ್ತದೆ. ಅದಕ್ಕೆ ನೀರು ಎಲ್ಲಿಂದ ಬಂತು?

3. ನಿಮ್ಮ ಊರಿನ ಬೆಲೆಗಳನ್ನು ಹಾಕಿ ಮೇಲಿನ ಲೆಕ್ಕವನ್ನು ಮತ್ತೆ ಮಾಡಿ. ಒಂದು ಕಥೆ ಪುಸ್ತಕದ ಬೆಲೆ 60 ರೂ. ಆದರೆ ನಿಮ್ಮ ಓದುವ ಮೂಲೆಗೆ ಎಷ್ಟು ಪುಸ್ತಕ ಬರುತ್ತದೆ?